ಒಂದೇ ಕೋಣೆಗೆ ಎರಡು ಬಾಡಿಗೆ

ಬೆಂಗಳೂರಿನಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟುವವರು ಪಾಯ ತೆಗೆಸುವಾಗಲೇ ಮೇಲಿನ ಮಹಡಿಯ ಲೆಕ್ಕ ಹಾಕಿರುತ್ತಾರೆ. ಕೆಳಗೆ ತಾವು, ಮೇಲೆ ಒಂದು ಸಂಸಾರ, ತಾರಸಿಯ ಮೂಲೆಯಲ್ಲಿ ಶೀಟು ಹೊದಿಸಿದ ಸಿಂಗಲ್ ರೂಮು. ಬರುವ ಬಾಡಿಗೆಯಲ್ಲಿ ಬ್ಯಾಂಕಿನ ಕಂತಿನ ಒಂದು ಪಾಲು ತೀರುತ್ತದೆ, ಉಳಿದದ್ದಕ್ಕೆ ಸಂಬಳವೋ ಪಿಂಚಣಿಯೋ ಸಾಕಾಗುತ್ತದೆ. ಮಹಡಿಗಳು ಏಳುವ ಮೊದಲು ಇದೇ ಕೆಲಸವನ್ನು ವಠಾರ ಮಾಡುತ್ತಿತ್ತು. ಮುಂದಿನ ಮನೆಯಲ್ಲಿ ಮಾಲೀಕರು, ಹಿಂದೆ ಸಾಲಾಗಿ ಪುಟ್ಟ ಪುಟ್ಟ ಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದು ಬಟ್ಟೆ ಒಗೆಯುವ ಕಲ್ಲು. ಮನೆಯ ಖರ್ಚನ್ನು ಮನೆಯಿಂದಲೇ ಹುಟ್ಟಿಸುವ ಈ ಉಪಾಯದಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. 2011ರ ಜನಗಣತಿಯ ಪ್ರಕಾರ ದೇಶದ ಪಟ್ಟಣಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಬೀಗ ಹಾಕಿಕೊಂಡು ಖಾಲಿ ಬಿದ್ದಿದ್ದವು. ಅಂಥ ಕಾಲದಲ್ಲಿ ತನಗೆ ಹೆಚ್ಚಾದ ಒಂದು ಕೋಣೆಯನ್ನು ಸೂರಿಲ್ಲದವರಿಗೆ ಬಿಟ್ಟುಕೊಡುವವನು ಊರಿಗೂ ಉಪಕಾರ ಮಾಡುತ್ತಾನೆ, ತನಗೂ ಮಾಡಿಕೊಳ್ಳುತ್ತಾನೆ. ನನ್ನ ಪ್ರಶ್ನೆ ಆ ಉಪಕಾರದ ಆಚೆಗಿನದು. ತಾನು ವಾಸವಿರುವ ಮನೆಯದೇ ಒಂದು ಭಾಗಕ್ಕೆ ಹಣ ಪಡೆದವನಿಗೆ, ಆ ಭಾಗದೊಳಗೆ ನಡೆಯುವ ಬದುಕಿನ ಮೇಲೆ ಏನು ಹಕ್ಕು ಉಳಿಯುತ್ತದೆ?

ಬಹಳಷ್ಟು ಉಳಿಯುತ್ತದೆ ಎಂದು ನಂಬಿರುವವರೇ ಹೆಚ್ಚು. ಟು-ಲೆಟ್ ಬೋರ್ಡು ನೋಡಿ ಗೇಟು ತಟ್ಟಿದವರಿಗೆ ಮೊದಲು ಸಿಗುವುದು ಕೋಣೆಯ ದರ್ಶನವಲ್ಲ, ವಿಚಾರಣೆ. ಊರು ಯಾವುದು, ಅಲ್ಲಿ ಯಾವ ಕಡೆ, ತಂದೆಯ ಹೆಸರೇನು. ಇಷ್ಟರಿಂದಲೂ ಗೊತ್ತಾಗದಿದ್ದರೆ ಕೊನೆಗೆ 'ನಿಮ್ಮ ಮನೆದೇವರು ಯಾವುದು?' ದೈವಭಕ್ತಿಯ ಮಾತಿನಂತೆ ಕೇಳಿಸುವ ಈ ಪ್ರಶ್ನೆಗೆ ಭಕ್ತಿಯ ಸಂಬಂಧ ಕಡಿಮೆ, ಜಾತಿ ತಿಳಿಯಲು ಇದಕ್ಕಿಂತ ನಯವಾದ ದಾರಿ ಕನ್ನಡಿಗರಿಗೆ ಸಿಕ್ಕಿಲ್ಲ. ವಿಚಾರಣೆ ದಾಟಿ ಒಳಬಂದವರಿಗೆ ಷರತ್ತುಗಳು ಕಾದಿರುತ್ತವೆ: ಮೊಟ್ಟೆ ಬೇಯಿಸಬಾರದು, ಒಣಮೀನು ಹುರಿಯಬಾರದು, ಹತ್ತು ಗಂಟೆಗೆ ಗೇಟು ಹಾಕುತ್ತೇವೆ, ನೆಂಟರು ಎರಡು ದಿನಕ್ಕಿಂತ ಹೆಚ್ಚು ಉಳಿಯಬಾರದು, ಸ್ನೇಹಿತೆಯರು ಬರಲೇಬಾರದು. ಬಾಡಿಗೆ ಮಾತ್ರ ಪೇಟೆಯ ದರದಲ್ಲೇ ಇರುತ್ತದೆ. ಇಷ್ಟೆಲ್ಲ ಬಿಟ್ಟುಕೊಟ್ಟದ್ದಕ್ಕೆ ನೂರು ರೂಪಾಯಿಯೂ ಇಳಿಯುವುದಿಲ್ಲ.

ನಮ್ಮ ಸಂಪ್ರದಾಯದಲ್ಲಿ ಇದಕ್ಕೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಅತಿಥಿಧರ್ಮದ ಕಡೆ ಹೋಗುತ್ತಾರೆ. ಅತಿಥಿಯನ್ನು ದೇವರೆಂದು ಕಾಣಬೇಕೆನ್ನುತ್ತದೆ ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ. ಕಠೋಪನಿಷತ್ತಿನಲ್ಲಂತೂ ಯಮನಂಥ ಯಮನೇ, ನಚಿಕೇತ ತನ್ನ ಮನೆಯಲ್ಲಿ ಮೂರು ರಾತ್ರಿ ಉಪವಾಸವಿದ್ದನೆಂದು ಅಳುಕಿ, ರಾತ್ರಿಗೊಂದರಂತೆ ಮೂರು ವರ ಕೊಟ್ಟು ಋಣ ತೀರಿಸಿಕೊಳ್ಳುತ್ತಾನೆ. ದೊಡ್ಡ ಮಾತೇ ಇದು. ಆದರೆ ಬಾಡಿಗೆಯವನಿಗೆ ಇದನ್ನು ಅನ್ವಯಿಸಲು ಹೋದರೆ ಅವನಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಮನುಸ್ಮೃತಿ ಅತಿಥಿಯೆಂದು ಗುರುತಿಸುವುದು ಒಂದು ರಾತ್ರಿ ತಂಗಿ ಹೋಗುವವನನ್ನು. ಅವನು ಏನನ್ನೂ ಕೊಡುವುದಿಲ್ಲ, ಆದ್ದರಿಂದ ಏನನ್ನೂ ಕೇಳುವಂತಿಲ್ಲ, ಬಡಿಸಿದ್ದನ್ನು ಉಂಡು ತೋರಿಸಿದ ಕಡೆ ಮಲಗುತ್ತಾನೆ. ತಿಂಗಳು ತಿಂಗಳು ಹಣ ಕೊಟ್ಟು ವರ್ಷಗಟ್ಟಲೆ ಇರುವವನನ್ನು ಅತಿಥಿಯೆಂದರೆ ಅತಿಥಿಗೆ ಸಲ್ಲುವ ಸತ್ಕಾರ ಅವನಿಗೆ ಸಿಗುವುದಿಲ್ಲ, ಅತಿಥಿ ತೋರಬೇಕಾದ ತಗ್ಗುಬಗ್ಗು ಮಾತ್ರ ಅವನ ಪಾಲಿಗೆ ಬರುತ್ತದೆ. ಬಾಡಿಗೆ ವಸೂಲಿಯ ದಿನ ಗಿರಾಕಿ, ಉಳಿದ ದಿನ ನಮ್ಮ ಮನೆಗೆ ಬಂದವನು. ಈ ಎರಡು ಪಾತ್ರಗಳನ್ನು ಒಬ್ಬನ ಮೇಲೇ ಹೇರುವ ಅನುಕೂಲ ಮಾಲೀಕನಿಗೆ ಎಲ್ಲಿಂದ ಬಂತು ಎಂಬುದನ್ನು ನೋಡಬೇಕಾದರೆ, ಬಾಡಿಗೆ ಪಡೆಯುವುದು ಯಾಕೆ ನ್ಯಾಯ ಎಂಬ ಪ್ರಶ್ನೆಯಿಂದಲೇ ಶುರುಮಾಡಬೇಕು.

ಅದು ನ್ಯಾಯವೇ ಎಂಬ ಅನುಮಾನ ಹೊಸದಲ್ಲ. ದುಡಿಯದೆ ಬರುವ ಆದಾಯವನ್ನು ಧರ್ಮಗಳು ಸಂಶಯದಿಂದಲೇ ನೋಡಿವೆ, ಬಡ್ಡಿಯನ್ನಂತೂ ಹಲವು ಧರ್ಮಗಳು ನೇರವಾಗಿ ಹಳಿದಿವೆ. ಹಾಗಿದ್ದೂ ಬಡ್ಡಿ ಬೇಡ ಎಂದವರೇ ಬಾಡಿಗೆ ಆಗಬಹುದು ಎಂದದ್ದು ಕುತೂಹಲದ ಸಂಗತಿ. 13ನೇ ಶತಮಾನದ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವೈನಾಸ್ ತನ್ನ 'ಸುಮ್ಮಾ ಥಿಯೋಲಾಜಿಕಾ'ದಲ್ಲಿ ಇದಕ್ಕೆ ಕಾರಣ ಕೊಡುತ್ತಾನೆ. ಕೆಲವು ವಸ್ತುಗಳನ್ನು ಬಳಸುವುದೆಂದರೆ ಮುಗಿಸುವುದು. ದ್ರಾಕ್ಷಾರಸವನ್ನು ಕುಡಿದರೆ, ಗೋಧಿಯನ್ನು ತಿಂದರೆ ಆಯಿತು. ಅಂಥ ವಸ್ತುವಿಗೆ ಒಂದು ಬೆಲೆ, ಅದರ ಬಳಕೆಗೆ ಇನ್ನೊಂದು ಬೆಲೆ ಎಂದು ಕೇಳುವವನು ಒಂದನ್ನೇ ಎರಡು ಸಲ ಮಾರುತ್ತಾನೆ. ಹಣವನ್ನೂ ಅಕ್ವೈನಾಸ್ ಈ ಜಾತಿಗೇ ಸೇರಿಸಿದ, ಆದ್ದರಿಂದ ಬಡ್ಡಿ ಅನ್ಯಾಯವಾಯಿತು. ಮನೆ ಹಾಗಲ್ಲ. ಯಾರೋ ವಾಸ ಮಾಡಿದ್ದರಿಂದ ಅದು ಮುಗಿದುಹೋಗುವುದಿಲ್ಲ. ಒಡೆತನವನ್ನು ತನ್ನಲ್ಲಿಟ್ಟುಕೊಂಡು ವಾಸವನ್ನಷ್ಟೇ ಬಿಟ್ಟುಕೊಟ್ಟು ಅದಕ್ಕೆ ಬೆಲೆ ಪಡೆಯಬಹುದು. ಬಡ್ಡಿಯನ್ನು ನಿಷೇಧಿಸಿದ ಇಸ್ಲಾಮಿನ ನ್ಯಾಯಶಾಸ್ತ್ರವೂ 'ಇಜಾರ' ಎಂಬ ಹೆಸರಿನಲ್ಲಿ ಬಾಡಿಗೆಯನ್ನು ಒಪ್ಪುತ್ತದೆ. ಅಲ್ಲಿ ಒತ್ತು ಬೀಳುವುದು ಹೊಣೆಯ ಮೇಲೆ. ವಸ್ತು ಒಡೆಯನದಾಗಿಯೇ ಉಳಿದಿರುವುದರಿಂದ, ಬಾಡಿಗೆಯವನ ಅಜಾಗರೂಕತೆಯಿಂದ ಆಗದ ಸವಕಳಿ, ನಷ್ಟ, ದೊಡ್ಡ ರಿಪೇರಿ ಎಲ್ಲ ಒಡೆಯನಿಗೇ ಸೇರಿದ್ದು.

ಹನ್ನೆರಡನೇ ಶತಮಾನದ ನಮ್ಮ ಶರಣರ ಅಳತೆ ಇನ್ನೂ ಬಿಗಿ. ಮೈಬಗ್ಗಿಸಿ ಮಾಡಿದ ಕಾಯಕದಿಂದ ಬಂದದ್ದೇ ಶುದ್ಧ, ಅದರಲ್ಲೂ ಅಂದಿಗೆ ಸಾಕಾಗುವಷ್ಟೇ ಇರಲಿ ಎಂದವರು ಅವರು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಎದುರು ಯಾವ ಮನೆ ಮಾಲೀಕನ ಲೆಕ್ಕಪುಸ್ತಕವೂ ನಿಲ್ಲಲಾರದು. ಆದರೂ ತನ್ನ ಮನೆಯ ಒಂದು ಕೋಣೆಯನ್ನು ಕೊಟ್ಟವನು, ಬೇರೆ ಬಡಾವಣೆಯಲ್ಲಿ ಹತ್ತು ಮನೆ ಕಟ್ಟಿಸಿ ಏಜೆಂಟರ ಕೈಗೆ ಬಿಟ್ಟವನಿಗಿಂತ ಕಾಯಕಕ್ಕೆ ಹತ್ತಿರದವನು ಎಂದೇ ನನ್ನ ಎಣಿಕೆ. ಬೆಳಿಗ್ಗೆ ಎದ್ದು ಸಂಪಿನಿಂದ ಟ್ಯಾಂಕಿಗೆ ನೀರು ಹತ್ತಿಸುವವನು, ಮೇಲಿನವರ ಬಚ್ಚಲು ಕಟ್ಟಿಕೊಂಡರೆ ಪ್ಲಂಬರನನ್ನು ಹುಡುಕಿ ತರುವವನು ಅವನೇ.

ಬಾಡಿಗೆಯ ನ್ಯಾಯ ಎಲ್ಲಿದೆಯೋ ಅದರ ಎಲ್ಲೆಯೂ ಅಲ್ಲೇ ಇದೆ ಎಂಬುದು ನನ್ನ ವಾದ. ಒಡೆಯ ಒಡೆತನವನ್ನು ಇಟ್ಟುಕೊಂಡು ಬಳಕೆಯನ್ನು ಕೊಟ್ಟ, ಅದಕ್ಕಾಗಿ ಹಣ ಪಡೆದ. ಹೀಗೆ ಕೊಟ್ಟ ಬಳಕೆಯನ್ನು ಷರತ್ತಿನ ಮೂಲಕ ತನ್ನ ಕೈಯಲ್ಲೇ ಇಟ್ಟುಕೊಂಡರೆ, ಅಂದರೆ ಆ ಕೋಣೆಯಲ್ಲಿ ಏನು ಬೇಯಬೇಕು, ಯಾರು ಕೂರಬೇಕು, ಯಾವ ದೇವರ ಪಟ ತೂಗಬೇಕು ಎಂಬುದನ್ನು ತಾನೇ ನಿರ್ಧರಿಸುತ್ತಿದ್ದರೆ, ಅವನು ಮಾರಿದ್ದನ್ನು ಕೊಟ್ಟೇ ಇಲ್ಲ. ಹಣವೂ ಅವನಲ್ಲಿ, ಬಳಕೆಯೂ ಅವನಲ್ಲಿ. ಅಕ್ವೈನಾಸ್ ಬಡ್ಡಿಯವನಲ್ಲಿ ಕಂಡ ದೋಷ, ಒಂದನ್ನೇ ಎರಡು ಸಲ ಮಾರುವುದು, ಬಾಗಿಲು ಬದಲಿಸಿ ಇಲ್ಲಿ ಮತ್ತೆ ಒಳಬಂದಿರುತ್ತದೆ. ಮನೆ ಖಾಲಿ ಮಾಡುವಾಗ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು 'ಪೇಂಟಿಂಗಿಗೆ' ಎಂದು ಮುರಿದುಕೊಳ್ಳುವ ರೂಢಿ ಬೆಂಗಳೂರಿನಲ್ಲಿದೆ. ಗೋಡೆಯ ಬಣ್ಣ ಮಾಸುವುದು ವಾಸದ ಸಹಜ ಫಲ, ವಾಸಕ್ಕೆ ತಿಂಗಳು ತಿಂಗಳೂ ಬೆಲೆ ಸಂದಿದೆ. ಅದೇ ಮಾಸಿದ ಬಣ್ಣಕ್ಕೆ ಕೊನೆಯಲ್ಲಿ ಮತ್ತೊಂದು ಬೆಲೆ. ಇದು ಕಣ್ಣಿಗೆ ಕಾಣುವ ಎರಡನೇ ಬಾಡಿಗೆ. ಮೊಟ್ಟೆಯ ಷರತ್ತು ಕಾಣದ ಎರಡನೇ ಬಾಡಿಗೆ. ರೂಪಾಯಿಯ ಲೆಕ್ಕದಲ್ಲಿ ಬರದ ಕಾರಣ ಯಾರೂ ಅದಕ್ಕೆ ರಸೀದಿ ಕೇಳುವುದಿಲ್ಲ, ಅಷ್ಟೇ.

ಇದಕ್ಕೆ ಏಳುವ ಮೊದಲ ಆಕ್ಷೇಪ ಸರಳವಾದದ್ದು, ಗಟ್ಟಿಯಾದದ್ದೂ ಹೌದು: ಇದು ಅಂಗಡಿಯಲ್ಲ, ನಾನು ಮಲಗುವ ಮನೆ. ಅಂಗಡಿಯವನು ಗಿರಾಕಿಯನ್ನು ಆರಿಸುವಂತಿಲ್ಲ, ನಾನು ಯಾಕೆ ಆರಿಸಬಾರದು? ಕಾನೂನುಗಳೂ ಈ ಮಾತಿಗೆ ಮಣಿದಿವೆ. ನಮ್ಮ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿ ಧರ್ಮಗಳ ತಡೆ ಹಾಕಬಾರದೆನ್ನುತ್ತದೆ. ಖಾಸಗಿ ಮನೆ ಆ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ 1968ರ ವಸತಿ ನ್ಯಾಯದ ಕಾಯಿದೆ ಬಂದಾಗ, ತಾನೂ ವಾಸವಿದ್ದು ಹೆಚ್ಚೆಂದರೆ ನಾಲ್ಕು ಸಂಸಾರಗಳಿರುವ ಕಟ್ಟಡವನ್ನು ನಡೆಸುವ ಮಾಲೀಕರಿಗೆ ವಿನಾಯಿತಿ ಕೊಟ್ಟರು. ಚರ್ಚೆಯಲ್ಲಿ ಕಲ್ಪಿಸಿಕೊಂಡಿದ್ದ ಒಬ್ಬ ಬಡ ಮನೆಯೊಡತಿಯ ನೆನಪಿಗೆ ಅದನ್ನು 'ಮಿಸೆಸ್ ಮರ್ಫಿ ವಿನಾಯಿತಿ' ಎಂದೇ ಕರೆಯುತ್ತಾರೆ. ಆ ಕಾಯಿದೆಯ ಅಡಿಯಲ್ಲಿ ಮಿಸೆಸ್ ಮರ್ಫಿ ತನಗೆ ಬೇಡದವರನ್ನು ಬೇಡ ಎನ್ನಬಹುದಿತ್ತು, ಆದರೆ ಇಂಥವರಿಗೆ ಕೊಡುವುದಿಲ್ಲ ಎಂದು ಜಾಹೀರಾತು ಹಾಕುವಂತಿರಲಿಲ್ಲ. ಅದೇ ವರ್ಷ ಅಲ್ಲಿನ ಸುಪ್ರೀಂ ಕೋರ್ಟು, ಜೋನ್ಸ್ ವಿರುದ್ಧ ಮೇಯರ್ ಪ್ರಕರಣದಲ್ಲಿ, 1866ರಷ್ಟು ಹಳೆಯದಾದ ಒಂದು ಕಾಯಿದೆಯನ್ನು ಹೊರತೆಗೆದು, ಬಣ್ಣದ ಆಧಾರದ ಮೇಲೆ ಮನೆ ನಿರಾಕರಿಸುವುದು ಖಾಸಗಿಯವರಿಗೂ ಸಲ್ಲದು ಎಂದಿತು. ಕಾನೂನಿನ ಈ ತಡವರಿಕೆಯಲ್ಲಿ ಒಂದು ಪ್ರಾಮಾಣಿಕತೆ ಇದೆ. ಮನೆ ಖಾಸಗಿಯೂ ಹೌದು, ಬೋರ್ಡು ತೂಗಿದ ಮೇಲೆ ಪೇಟೆಯೂ ಹೌದು.

ಒಟ್ಟಿಗೆ ಇರುವುದರಿಂದಲೇ ಹುಟ್ಟುವ ಷರತ್ತುಗಳಿವೆ, ಅವನ್ನು ನಾನು ಒಪ್ಪುತ್ತೇನೆ. ತಲೆಯ ಮೇಲೆ ರಾತ್ರಿ ಹನ್ನೆರಡಕ್ಕೆ ಕುರ್ಚಿ ಎಳೆದರೆ ಕೆಳಗಿನವನ ನಿದ್ದೆ ಕೆಡುತ್ತದೆ. ಟ್ಯಾಂಕು ಒಂದೇ ಆದರೆ ನೀರಿಗೆ ಮಿತಿ ಬೇಕು. ಮೆಟ್ಟಿಲು ಮನೆಯೊಳಗಿನಿಂದ ಹಾದುಹೋದರೆ ಬರುವ ಹೋಗುವ ಹೊತ್ತಿನ ಒಪ್ಪಂದವೂ ಬೇಕು. ಇಂಥ ಷರತ್ತು ಎರಡೂ ಕಡೆಗೆ ಕಟ್ಟು. ಮಾಲೀಕನ ಮಗನೂ ಮೇಲಿನವರ ಪರೀಕ್ಷೆಯ ದಿನ ಸ್ಪೀಕರು ಹಾಕಬಾರದು. ಒಂದೇ ಕಡೆಗೆ ಕಟ್ಟುವ ಷರತ್ತು ಬೇರೆ ಜಾತಿಯದು. ಅದು ಹಂಚಿಕೊಂಡ ಜಾಗದಿಂದ ಹುಟ್ಟಿದ್ದಲ್ಲ, ಬಾಡಿಗೆಯವನು ಯಾರು ಎಂಬುದರಿಂದ ಹುಟ್ಟಿದ್ದು. ಅವನ ಮನೆದೇವರು ಮೈಲಾರಲಿಂಗನೋ ತಿರುಪತಿ ತಿಮ್ಮಪ್ಪನೋ, ಅಥವಾ ಅವನು ನಮಾಜು ಮಾಡುವವನೋ ಎಂಬುದರಿಂದ ಕೆಳಗಿನವನ ನಿದ್ದೆಗೂ ನೀರಿಗೂ ಆಗುವುದೇನೂ ಇಲ್ಲ.

ಮಡಿ ಆಚರಿಸುವವರ ಆಕ್ಷೇಪವನ್ನು ಇಷ್ಟು ಸಲೀಸಾಗಿ ದಾಟಿ ಹೋಗುವಂತಿಲ್ಲ. ದೇವರಮನೆ ಇರುವ ಕಟ್ಟಡದಲ್ಲೇ ಮಾಂಸ ಬೇಯುವುದು ಅವರಿಗೆ ಬರೀ ರುಚಿಯ ಪ್ರಶ್ನೆಯಲ್ಲ, ನಿತ್ಯದ ಪೂಜೆ ನೆರವೇರಿತೋ ಇಲ್ಲವೋ ಎಂಬ ಪ್ರಶ್ನೆ. ಅವರ ನಂಬಿಕೆಯನ್ನು ಹಾಸ್ಯ ಮಾಡಿ ಗೆಲ್ಲುವ ವಾದ ನನಗೆ ಬೇಡ. ಒಂದೇ ಅಡುಗೆಮನೆಯನ್ನು ಹಂಚಿಕೊಳ್ಳುವ ಮನೆಯಾದರೆ ಆಹಾರದ ಷರತ್ತು ಹಾಕುವ ಹಕ್ಕು ಅವರಿಗೆ ಇದೆ ಎಂದೇ ನಾನು ಹೇಳುವುದು, ಯಾಕೆಂದರೆ ಅಲ್ಲಿ ಅಡುಗೆಮನೆಯ ಬಳಕೆಯನ್ನು ಅವರು ಪೂರ್ತಿ ಕೊಟ್ಟಿಲ್ಲ, ಪಾಲು ಕೊಟ್ಟಿದ್ದಾರೆ. ಬೇರೆ ಒಲೆ, ಬೇರೆ ಬಚ್ಚಲು, ಬೇರೆ ಬಾಗಿಲಿರುವ ಮಹಡಿಗೂ ಅದೇ ಷರತ್ತನ್ನು ಒಯ್ದಾಗ ಮಾತು ಬದಲಾಗುತ್ತದೆ. ಮಡಿಯ ಆಚಾರವೇ ಮನೆಯೊಳಗೆ ಗೆರೆ ಹಾಕುವ ಆಚಾರ. ಒಲೆಯ ಬಳಿ ಇದ್ದ ಬಿಗಿ ನಡುಮನೆಯಲ್ಲಿ ಇರಲಿಲ್ಲ, ನಡುಮನೆಯದು ಜಗಲಿಯಲ್ಲಿ ಇರಲಿಲ್ಲ. ಆ ಗೆರೆಗಳು ಯಾರನ್ನು ಜಗಲಿಯಿಂದಲೂ ಕೆಳಗೆ ನಿಲ್ಲಿಸಿದ್ದವು ಎಂಬುದನ್ನು ಮರೆತು ನಾನು ಅವನ್ನು ಹೊಗಳುತ್ತಿಲ್ಲ. ನನ್ನ ಮಾತು ಇಷ್ಟೇ: ತನ್ನದೇ ಜಗಲಿಗೆ ಸಡಿಲ ಕೊಡಬಲ್ಲ ಆಚಾರ, ಹಣ ಪಡೆದು ಬಿಟ್ಟುಕೊಟ್ಟ ಮಹಡಿಗೆ ಒಲೆಯ ಬಿಗಿಯನ್ನು ಹಬ್ಬಿಸುವುದು ಆಚಾರದ ಒತ್ತಾಯವಲ್ಲ. ನಿಜವಾಗಿಯೂ ಅದನ್ನು ಸಹಿಸಲಾಗದವರಿಗೆ ಒಂದು ಗೌರವದ ದಾರಿ ಇದ್ದೇ ಇದೆ, ಮಹಡಿಯನ್ನು ಬಾಡಿಗೆಗೆ ಕೊಡದಿರುವುದು. ವ್ರತಕ್ಕೆ ತಗಲುವ ಖರ್ಚನ್ನು ವ್ರತ ಹಿಡಿದವರೇ ಭರಿಸಬೇಕು. ಏಕಾದಶಿಯ ಉಪವಾಸವನ್ನು ಯಾರೂ ಮೇಲಿನ ಮನೆಯವರಿಂದ ಮಾಡಿಸುವುದಿಲ್ಲ.

ಮೂರನೆಯ ಆಕ್ಷೇಪ ಬಡತನದ್ದು. ಕೋಣೆ ಬಾಡಿಗೆಗೆ ಕೊಡುವವರೆಲ್ಲ ಉಳ್ಳವರಲ್ಲ. ಗಂಡ ತೀರಿಕೊಂಡ ಮೇಲೆ ಮುಂದಿನ ಕೋಣೆಯ ಬಾಡಿಗೆಯಲ್ಲೇ ಔಷಧಿ ತರುವ ಮುದುಕಿಗೆ ಬಾಡಿಗೆಯವನು ಕೈಕೊಟ್ಟರೆ ಕೋರ್ಟು ಅಲೆಯುವ ಶಕ್ತಿ ಎಲ್ಲಿದೆ? ಗೊತ್ತಿರುವ ಜನ, ತನ್ನ ಕಡೆಯವರು ಎಂದು ಅವಳು ಹುಡುಕಿದರೆ ಅದು ದ್ವೇಷವಲ್ಲ, ಭಯ. ಈ ಭಯವನ್ನು ನಾನು ಗೌರವಿಸುತ್ತೇನೆ. ಆದರೆ ಭಯಕ್ಕೆ ಪರಿಹಾರ ಅವಳ ಕೈಯಲ್ಲೇ ಇದೆ, ಅದರ ಹೆಸರು ಅಡ್ವಾನ್ಸು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಬಹುಕಾಲದ ರೂಢಿ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳು ಸಾಕು ಎಂದಿದೆ. ಎರಡಿರಲಿ, ಹತ್ತಿರಲಿ, ಆ ಹಣ ಇರುವುದೇ ನಂಬಿಕೆ ಇಲ್ಲದ ಕಡೆ ನಂಬಿಕೆಯ ಬದಲಿಗೆ. ಅದನ್ನು ಎಣಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡ ಮೇಲೆ ಜಾತಿಯನ್ನೂ ಜಾಮೀನು ಕೇಳುವುದು ಒಂದೇ ಭಯಕ್ಕೆ ಎರಡು ಸಲ ಪರಿಹಾರ ವಸೂಲು ಮಾಡಿದಂತೆ. ಸ್ವಜಾತಿಯವನು ಬಾಡಿಗೆ ಬಾಕಿ ಇಡುವುದಿಲ್ಲ ಎಂಬುದಕ್ಕಂತೂ ಯಾವ ವಠಾರದ ಇತಿಹಾಸವೂ ಸಾಕ್ಷಿ ಹೇಳುವುದಿಲ್ಲ.

ಈ ಭಯ ಒಟ್ಟು ಸೇರಿ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಉಂಟು. ಸುಖದೇವ ಥೋರಟ್ ಮತ್ತು ಸಂಗಡಿಗರು ದೆಹಲಿ ಮತ್ತು ಅದರ ಸುತ್ತಲ ನಗರಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಡಿಗೆಗೆ ಮನೆ ಕೇಳಿ ಮೇಲ್ಜಾತಿಯ, ದಲಿತರ, ಮುಸ್ಲಿಮರ ಹೆಸರುಗಳಲ್ಲಿ ಮಾಲೀಕರನ್ನು ಸಂಪರ್ಕಿಸಲಾಯಿತು. ದಲಿತರಿಗೆ ಬಾಗಿಲು ಮುಚ್ಚಿದ್ದು ಹೆಚ್ಚು, ಮುಸ್ಲಿಮರಿಗೆ ಇನ್ನೂ ಹೆಚ್ಚು. ಒಪ್ಪಿದ ಕಡೆಗಳಲ್ಲೂ ಕೆಲವರಿಗೆ ಬಾಡಿಗೆ ಏರಿತು, ಷರತ್ತು ಸೇರಿತು. ಎರಡನೇ ಬಾಡಿಗೆ ಅಲ್ಲಿ ರೂಪಾಯಿಯಲ್ಲೇ ಎದ್ದು ಕಾಣುತ್ತದೆ. ಇದಕ್ಕಿಂತ ನೂರು ವರ್ಷದ ಹಿಂದಿನ ಒಂದು ಪ್ರಕರಣವನ್ನು ಅನುಭವಿಸಿದವರೇ ಬರೆದಿಟ್ಟಿದ್ದಾರೆ. 1917ರಲ್ಲಿ ವಿದೇಶದ ವ್ಯಾಸಂಗದಿಂದ ಮರಳಿ ಬರೋಡ ಸಂಸ್ಥಾನದ ಕೆಲಸಕ್ಕೆ ಹೋದ ಅಂಬೇಡ್ಕರ್, ಉಳಿಯಲು ಜಾಗ ಸಿಗದೆ ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಸೇರಿಕೊಂಡರು. ದಿನಕ್ಕೆ ಒಂದೂವರೆ ರೂಪಾಯಿ. ಕೆಲವೇ ದಿನಗಳಲ್ಲಿ ಬೆತ್ತ ಹಿಡಿದ ಗುಂಪೊಂದು ಬಂದು ಸಂಜೆಯೊಳಗೆ ಖಾಲಿ ಮಾಡಲು ಹೇಳಿತು. ಊರಿನಲ್ಲಿದ್ದ ಹಿಂದೂ ಸ್ನೇಹಿತರು ಒಬ್ಬರು, ಕ್ರೈಸ್ತ ಸ್ನೇಹಿತರು ಒಬ್ಬರು. ನೀನು ಬಂದರೆ ನನ್ನ ಆಳುಗಳು ಬಿಟ್ಟುಹೋಗುತ್ತಾರೆ ಎಂದರು ಒಬ್ಬರು, ಹೆಂಡತಿಯನ್ನು ಕೇಳಬೇಕು ಎಂದರು ಇನ್ನೊಬ್ಬರು. ಬಾಡಿಗೆ ಬಾಕಿ ಇತ್ತೆಂದು ಯಾರೂ ಹೇಳಲಿಲ್ಲ, ಗದ್ದಲ ಮಾಡಿದರೆಂದು ಹೇಳಲಿಲ್ಲ. ಕೊಟ್ಟ ಹಣ ಅವರಿಗೆ ಕೋಣೆಯನ್ನು ತಂದುಕೊಡಲಿಲ್ಲ, ಅದಕ್ಕೆ ಹೆಸರನ್ನೂ ಬಿಟ್ಟುಕೊಡಬೇಕಾಯಿತು.

ಕೊನೆಯ ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ. ಹಣ ಕೊಟ್ಟ, ಬಳಕೆ ಪಡೆದ, ಇನ್ನು ಯಾರಿಗೆ ಯಾರೂ ಇಲ್ಲ ಎಂದರೆ ಮನೆ ಲಾಡ್ಜ್ ಆಗಿಬಿಡುವುದಿಲ್ಲವೇ? ವಠಾರದಲ್ಲಿ ಒಬ್ಬರ ಮನೆಯ ಬಾಣಂತನಕ್ಕೆ ಇನ್ನೊಬ್ಬರು ಸಾರು ಕಳಿಸುತ್ತಿದ್ದ ಬದುಕನ್ನು ಈ ವಾದ ಒಣಗಿಸುವುದಿಲ್ಲವೇ? ಇದಕ್ಕೆ ಉತ್ತರ ಮಹಾಭಾರತದ ಏಕಚಕ್ರ ನಗರದಲ್ಲಿ ಸಿಗುತ್ತದೆ ಎಂದು ನನಗನಿಸುತ್ತದೆ. ಅರಗಿನ ಮನೆಯಿಂದ ಪಾರಾದ ಕುಂತಿ ಮತ್ತು ಮಕ್ಕಳು ಅಲ್ಲಿ ಒಬ್ಬ ಬ್ರಾಹ್ಮಣನ ಮನೆಯಲ್ಲಿ ಆಶ್ರಯ ಪಡೆದಿದ್ದರು. (ಅವರೂ ವೇಷ ಮರೆಸಿಕೊಂಡೇ, ಬ್ರಾಹ್ಮಣರೆಂದು ಹೇಳಿಕೊಂಡೇ ಇದ್ದರು, ಮನೆ ಸಿಗಲು ಮರೆಮಾಚುವ ಪದ್ಧತಿ ಎಷ್ಟು ಹಳೆಯದು ನೋಡಿ.) ಒಂದು ದಿನ ಮನೆಯವರ ಅಳು ಕುಂತಿಯ ಕಿವಿಗೆ ಬಿತ್ತು. ಬಕಾಸುರನಿಗೆ ಆಹಾರವಾಗಿ ಹೋಗುವ ಸರದಿ ಆ ಮನೆಯದಾಗಿತ್ತು, ಯಾರು ಹೋಗಬೇಕೆಂದು ಗಂಡ, ಹೆಂಡತಿ, ಮಗಳು ತಮ್ಮತಮ್ಮಲ್ಲೇ ವಾದಿಸುತ್ತಿದ್ದರು. ಕುಂತಿ ಒಳಗೆ ಹೋಗಿ ಕಾರಣ ಕೇಳಿದಳು, ನನ್ನ ಮಗನನ್ನು ಕಳಿಸುತ್ತೇನೆ ಎಂದಳು. ಮನೆಯೊಡೆಯ ಮೊದಲು ಒಪ್ಪಲಿಲ್ಲ, ಆಶ್ರಯಕ್ಕೆ ಬಂದವನನ್ನು ತನ್ನ ಬದಲು ಸಾವಿಗೆ ಕಳಿಸುವುದು ಪಾಪವೆಂದು ಅವನ ನಿಲುವು. ಒಂದೇ ಸೂರಿನ ಕೆಳಗೆ ಇದ್ದಮೇಲೆ ಗೋಡೆಯಾಚೆಯದು ಕೇಳಿಸುವುದನ್ನು ಯಾರೂ ತಡೆಯಲಾರರು. ಕೇಳಿಸಿದ್ದರಿಂದ ಕುಂತಿಗೆ ಹುಟ್ಟಿದ್ದು ಒಂದು ಹೊಣೆ, ಆ ಮನೆಯವರು ಹೇಗೆ ಬದುಕಬೇಕೆಂದು ಹೇಳುವ ಅಧಿಕಾರವಲ್ಲ. ಹೊಣೆಗೆ ನನ್ನ ವಾದ ಅಡ್ಡ ಬರುವುದಿಲ್ಲ. ಬಾಣಂತಿಯ ಮನೆಗೆ ಸಾರು ಹೋಗಲಿ, ಎರಡು ದಿನ ಮೇಲಿನ ಮನೆಯ ದೀಪ ಹತ್ತದಿದ್ದರೆ ಮಾಲೀಕ ಹೋಗಿ ಬಾಗಿಲು ತಟ್ಟಲಿ. ವಿಚಿತ್ರವೆಂದರೆ ನಮ್ಮ ಬಡಾವಣೆಗಳಲ್ಲಿ ಈ ಎರಡೂ ತಿರುಗುಮುರುಗಾಗಿವೆ. ಮೇಲಿನ ಮನೆಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುವ ಸದ್ದು ಕೇಳಿದರೆ 'ಅದು ಅವರ ಸಂಸಾರದ ವಿಷಯ' ಎಂದು ಟಿವಿಯ ಸದ್ದು ಏರಿಸುವವರೇ, ಅದೇ ಮನೆಯಿಂದ ಮೀನಿನ ವಾಸನೆ ಬಂದ ದಿನ ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಬಡಿಯುತ್ತಾರೆ.